ಶಿವಶಕ್ತಿ ನಾರಾಯಣನ್ ಹತ್ತಿದ ಏಣಿ, ಹೊಸಹಳ್ಳಿಗೆ ಸಿಗದ ಏಣಿ

ಶಿವಶಕ್ತಿ ನಾರಾಯಣನ್ ಬೆಂಗಳೂರು ಎಫ್‌ಸಿ ಮೂಲಕ ದೇಶಕ್ಕೆ ಪರಿಚಯವಾದ ಸ್ಟ್ರೈಕರ್. ಹುಟ್ಟಿದ್ದು 2001ರಲ್ಲಿ, ಊರು ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಕಾರೈಕುಡಿ ಸೀಮೆ. 2022-23ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 6 ಗೋಲು ಹೊಡೆದು ಉದಯೋನ್ಮುಖ ಆಟಗಾರ ಪ್ರಶಸ್ತಿ ತಗೊಂಡರು. ಅಂಕಿ ದೊಡ್ಡದೇನಲ್ಲ. ಆದರೆ ಭಾರತದಲ್ಲಿ ಒಬ್ಬ ಸ್ಟ್ರೈಕರ್ ಹೇಗೆ ತಯಾರಾಗ್ತಾನೆ, ಎಲ್ಲಿ ಸಿಕ್ಕಿಹಾಕಿಕೊಳ್ತಾನೆ ಅಂತ ತಿಳಿಯೋಕೆ ಇವರ ಮೊದಲ ಮೂರು ವರ್ಷಗಳಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಶುರು ರಾಮನ್ ವಿಜಯನ್ ಅವರ ಫುಟ್‌ಬಾಲ್ ಶಾಲೆಯಿಂದ. ವಿಜಯನ್ ಭಾರತ ತಂಡದ ಮಾಜಿ ಸ್ಟ್ರೈಕರ್. ಗೋಲು ಹೊಡೆದೇ ಹೊಟ್ಟೆ ಹೊರೆದವರ ಕೈಯಲ್ಲಿ ಗೋಲು ಹೊಡೆಯೋದು ಕಲಿಯೋ ಭಾಗ್ಯ ನಮ್ಮಲ್ಲಿ ಎಲ್ಲರಿಗೂ ಸಿಗಲ್ಲ. ಅಲ್ಲಿಂದ 2020ರಲ್ಲಿ ಬಿಎಫ್‌ಸಿ ರಿಸರ್ವ್ ತಂಡಕ್ಕೆ ಬಂದರು. ರಿಸರ್ವ್ ತಂಡ ಆಡೋದು ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ. ಅಲ್ಲಿ ಟಿವಿ ಇಲ್ಲ, ಗದ್ದಲ ಇಲ್ಲ. ಆದರೆ ಪಂದ್ಯ ಇದೆ, ಎದುರಿಗೆ ಮೈಮೇಲೆ ಬೀಳೋ ದೊಡ್ಡ ವಯಸ್ಸಿನ ಡಿಫೆಂಡರ್‌ಗಳಿದ್ದಾರೆ.

2021ರ ಡ್ಯುರಾಂಡ್ ಕಪ್‌ಗೆ ಬಿಎಫ್‌ಸಿ ಹೆಚ್ಚಾಗಿ ಹುಡುಗರನ್ನೇ ಕಳಿಸಿತು. ಸೆಮಿಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಆಟ 2-2. ಬಿಎಫ್‌ಸಿಯ ಎರಡೂ ಗೋಲು ಶಿವಶಕ್ತಿಯದು. ತಂಡ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು, ಹುಡುಗ ಗೆದ್ದ. ಮುಂದಿನ ವರ್ಷ ಅದೇ ಟೂರ್ನಿಯ ಫೈನಲ್, 2022ರ ಸೆಪ್ಟೆಂಬರ್ 18, ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣ, ಎದುರಾಳಿ ಮುಂಬೈ ಸಿಟಿ. 11ನೇ ನಿಮಿಷದಲ್ಲಿ ಮುಂದೆ ಬಂದ ಗೋಲ್‌ಕೀಪರ್‌ನ ತಲೆ ಮೇಲೆ ಚೆಂಡು ಎತ್ತಿ ಬಲೆಗೆ ಹಾಕಿದರು. ಬಿಎಫ್‌ಸಿ 2-1ರಿಂದ ಗೆದ್ದಿತು, ಕ್ಲಬ್‌ಗೆ ಅದು ಮೊದಲ ಡ್ಯುರಾಂಡ್. ಆ ಗೋಲನ್ನು ಮತ್ತೆ ನೋಡಿ. ಅಲ್ಲಿ ಕಾಣೋದು ಬಲ ಅಲ್ಲ, ಅವಸರ ಇಲ್ಲದಿರೋದು. ಪ್ರಾಕ್ಟೀಸ್‌ನಲ್ಲಿ ಕಾಲು ಪಳಗಬಹುದು. ಆ ನಿಧಾನ ಬರೋದು ಪಂದ್ಯ ಆಡಿ ಆಡಿಯೇ.

ಆ ಸೀಸನ್‌ನ ಐಎಸ್‌ಎಲ್‌ನಲ್ಲಿ ಬಿಎಫ್‌ಸಿ ಮೊದಲು ಮುಗ್ಗರಿಸಿ, ಕೊನೆಯಲ್ಲಿ ಸತತ 8 ಪಂದ್ಯ ಗೆದ್ದು ಪ್ಲೇಆಫ್‌ಗೆ ನುಗ್ಗಿತು. ಈ ಹೊತ್ತಿಗೆ ಸುನಿಲ್ ಛೆಟ್ರಿ ಬೆಂಚ್‌ನಲ್ಲಿ, ರಾಯ್ ಕೃಷ್ಣ ಜೊತೆಗೆ ಕಣದಲ್ಲಿ ಶಿವಶಕ್ತಿ. ಛೆಟ್ರಿಯನ್ನು ಕೂರಿಸಿ 21ರ ಹುಡುಗನನ್ನು ಆಡಿಸೋದು ಕೋಚ್‌ಗೆ ಸುಲಭದ ಮಾತಲ್ಲ. 2023ರ ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧ ಫೈನಲ್. ಶಿವಶಕ್ತಿ ಮೊದಲ ನಿಮಿಷಗಳಲ್ಲೇ ಗಾಯಗೊಂಡು ಹೊರಬಂದರು, ಒಳಗೆ ಹೋದವರು ಅದೇ ಛೆಟ್ರಿ. 2-2, ಪೆನಾಲ್ಟಿಯಲ್ಲಿ ಸೋಲು.

ಮುಂದಿನ ಸೀಸನ್‌ನಲ್ಲಿ ತಂಡ 10ನೇ ಸ್ಥಾನಕ್ಕೆ ಕುಸಿಯಿತು. ಶಿವಶಕ್ತಿಯ ಗೋಲುಗಳ ಆ ಓಟವೂ ಮುಂದುವರಿಯಲಿಲ್ಲ. 'ಹುಡುಗನಿಗೆ ತಲೆ ತಿರುಗಿತು' ಅನ್ನೋ ಷರಾ ಬರೆಯೋದು ಸುಲಭ. ನಾನು ಒಪ್ಪಲ್ಲ. ಎಂಜಿನಿಯರಿಂಗ್ ಓದಿ ಬಿಟ್ಟವನಿಗೆ ಔಟ್‌ಪುಟ್ ಕೆಟ್ಟರೆ ಇನ್‌ಪುಟ್ ನೋಡೋ ಚಟ ಉಳಿದಿದೆ. ಐಎಸ್‌ಎಲ್‌ನಲ್ಲಿ ಏಕಕಾಲಕ್ಕೆ 4 ವಿದೇಶಿಯರು ಆಡಬಹುದು. ಕ್ಲಬ್‌ಗಳು ಮೊದಲು ದುಡ್ಡು ಸುರಿಯೋದು ಗೋಲು ಹೊಡೆಯೋ ಜಾಗಕ್ಕೆ. ಹಾಗಾಗಿ ಭಾರತದ ಸ್ಟ್ರೈಕರ್ ವಿಂಗ್‌ಗೆ ಜರುಗುತ್ತಾನೆ, ಇಲ್ಲವೇ ಕೊನೆಯ 15 ನಿಮಿಷಕ್ಕೆ ಇಳಿಯುತ್ತಾನೆ. ಫಲ ಏನು ಅಂತ 2024-25ರ ಪಟ್ಟಿಯೇ ಹೇಳುತ್ತೆ: ಅತಿ ಹೆಚ್ಚು ಗೋಲು ಹೊಡೆದದ್ದು ನಾರ್ತ್ಈಸ್ಟ್ ಯುನೈಟೆಡ್‌ನ ಅಲಾಎದ್ದೀನ್ ಅಜಾರೈ, 23. ಭಾರತೀಯರಲ್ಲಿ ಮೊದಲು, 40 ವರ್ಷದ ಸುನಿಲ್ ಛೆಟ್ರಿ, 14. 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದ್ದ ಅವರನ್ನು 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡರು. ಇದು ಛೆಟ್ರಿಗೆ ಹೆಮ್ಮೆ, ವ್ಯವಸ್ಥೆಗೆ ನಾಚಿಕೆ.

ಕನ್ನಡ ನೆಲದಲ್ಲಿ ಗೋಲು ಹೊಡೆಯೋರು ಇರಲೇ ಇಲ್ಲವೇ? ಇದ್ದರು. ಬೆಂಗಳೂರಿನ ಅಹಮದ್ ಖಾನ್ 21ನೇ ವಯಸ್ಸಿಗೆ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದರು, 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ ಅದರ 'ಪಂಚ ಪಾಂಡವ'ರಲ್ಲಿ ಒಬ್ಬರಾದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ 10 ಗೋಲು ಹೊಡೆದಾಗ ಭಾರತದ ಆ ಒಂದೇ ಒಂದು ಗೋಲು ಅವರದ್ದು. ಅವರ ಹಿಂದೆಯೂ ಬೆಂಗಳೂರಿನ ಸ್ಥಳೀಯ ಕ್ಲಬ್‌ಗಳಿದ್ದವು. ಇತ್ತೀಚಿನದು ಬೇಕಾ? 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ, ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್ ಗೋಲು ಹೊಡೆದರು. ಈ ಹೆಸರುಗಳು ಎಷ್ಟು ಜನರಿಗೆ ನೆನಪಿವೆ?

ಈಗ ಭೂಪಟ ಬಿಚ್ಚಿ. ಬಿಎಫ್‌ಸಿಯ ವಸತಿ ಅಕಾಡೆಮಿ ಇರೋದು ಬೆಂಗಳೂರಲ್ಲಲ್ಲ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯ ಮಗ್ಗುಲಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆವರಣದಲ್ಲಿ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಿಂದ ಸಂಡೂರು ದಾಟಿದರೆ ತೋರಣಗಲ್ಲು. ಬೆಂಗಳೂರಿನ ವಿನೀತ್ ವೆಂಕಟೇಶ್ ಈ ಅಕಾಡೆಮಿಯ ಹುಡುಗ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದರು. ಅಂದ್ರೆ ಅಕಾಡೆಮಿ ಕೆಲಸ ಮಾಡುತ್ತೆ.

ಆದರೆ ಅಕಾಡೆಮಿ ಆಯ್ಕೆಗೆ ಬರೋ ಹುಡುಗ ಅದಕ್ಕೂ ಮುಂಚೆ ಎಲ್ಲೋ ಆಡಿರಬೇಕಲ್ಲ? ಬೆಂಗಳೂರಿನವನಿಗೆ ಸಿ, ಬಿ, ಎ, ಸೂಪರ್ ಡಿವಿಷನ್ ಅಂತ ಮೆಟ್ಟಿಲುಗಳಿವೆ. ಹೊಸಹಳ್ಳಿ, ಕೊಟ್ಟೂರು, ಹಡಗಲಿ ಕಡೆ ಶಾಲೆಯ ಹೋಬಳಿ ಮಟ್ಟದ ಕ್ರೀಡಾಕೂಟ ಅಂದ್ರೆ ಕಬಡ್ಡಿ, ಖೋ-ಖೋ, ವಾಲಿಬಾಲ್, ಥ್ರೋಬಾಲ್. ಒಳ್ಳೆಯ ಆಟಗಳೇ, ತಕರಾರಿಲ್ಲ. ಆದರೆ ಓಡೋ ಕಾಲಿರುವ ಹತ್ತು ವರ್ಷದವನಿಗೆ ಫುಟ್‌ಬಾಲ್ ಒಂದು ದಾರಿ ಅಂತ ತೋರಿಸೋಕೆ ಅಲ್ಲಿ ಲೀಗೇ ಕಾಣಲ್ಲ. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು. ಕಚೇರಿ ಎಲ್ಲಿ, ಬೋರ್ಡು ಯಾವುದು ಅನ್ನೋ ಜಗಳವೆಲ್ಲ ಆಯಿತು. ನಮ್ಮ ಯುವಜನ ರಾಜಕೀಯದಲ್ಲಿ ಜಿಲ್ಲೆಗೊಂದು ಜೂನಿಯರ್ ಲೀಗ್ ಬೇಕು ಅಂತ ಯಾರಾದರೂ ಮನವಿಪತ್ರ ಕೊಟ್ಟಿದ್ದನ್ನು ನಾನು ನೋಡಿಲ್ಲ.

ಏಣಿಯ ಮೇಲಿನ ತುದಿಯೂ ಗಟ್ಟಿಯಿಲ್ಲ. 2025ರ ಜುಲೈನಲ್ಲಿ, ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸೋ ಕಂಪನಿಯ ನಡುವಿನ ಒಪ್ಪಂದ ಮುಗಿಯುತ್ತಿದೆ ಅನ್ನೋ ಕಾರಣಕ್ಕೆ ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಛೆಟ್ರಿಯಂಥವರು ಅದನ್ನು ತಡ್ಕೋಬಹುದು. ಇಪ್ಪತ್ತರ ಆಸುಪಾಸಿನ ಸ್ಟ್ರೈಕರ್‌ಗೆ ಹೋದ ತಿಂಗಳುಗಳು ವಾಪಸ್ ಬರಲ್ಲ, ಯಾಕಂದ್ರೆ ಅವನು ಕಲಿಯೋದು ಪಂದ್ಯದಲ್ಲೇ. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಲೀಗ್ ಫೆಬ್ರವರಿ 14ಕ್ಕೆ ಶುರು ಎಂದು ಘೋಷಿಸಿದರು. ಅಷ್ಟರಲ್ಲಿ ಅರ್ಧ ವರ್ಷ ಹೋಗಿತ್ತು.