ಲೈಪೊಸಕ್ಷನ್ ಮಾಡಿಸಿಕೊಂಡರೆ ಮತ್ತೆ ದಪ್ಪ ಆಗುವುದಿಲ್ಲವೇ? ಊಟ, ವ್ಯಾಯಾಮ ಮತ್ತು ತೂಕದ ಬಗ್ಗೆ ನಿಜಾಂಶ

"ಒಂದು ಸಲ ಕೊಬ್ಬು ತೆಗೆಸಿದರೆ ಸಾಕು, ಆಮೇಲೆ ಏನು ತಿಂದರೂ ದಪ್ಪ ಆಗುವುದಿಲ್ಲ." ಇಂಥ ಮಾತು, ಜೊತೆಗೆ 'ಮೊದಲು' ಮತ್ತು 'ನಂತರ' ಎಂಬ ಎರಡು ಫೋಟೊ. ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣುವ ಸಂದೇಶವಿದು. ಮದುವೆ ಹತ್ತಿರ ಬಂದವರು, ಹೆರಿಗೆಯ ನಂತರ ಹೊಟ್ಟೆ ಇಳಿಯದವರು, ಜಿಮ್‌ಗೆ ಹೋಗಿ ಬೇಸತ್ತವರು ಇದನ್ನು ನಂಬಿಬಿಡುವುದು ಸಹಜ. ಆದರೆ ಇದು ಪೂರ್ತಿ ನಿಜವಲ್ಲ.

ಚುಟುಕಾಗಿ ಉತ್ತರ

ಲೈಪೊಸಕ್ಷನ್ ದೇಹದ ಆಕಾರ ತಿದ್ದುವ ಶಸ್ತ್ರಚಿಕಿತ್ಸೆ, ತೂಕ ಇಳಿಸುವ ಚಿಕಿತ್ಸೆಯಲ್ಲ. ಊಟ ಮತ್ತು ವ್ಯಾಯಾಮ ಸರಿಯಿಲ್ಲದಿದ್ದರೆ ಕೊಬ್ಬು ಮತ್ತೆ ಸೇರುತ್ತದೆ, ಅದೂ ಹೆಚ್ಚು ಅಪಾಯದ ಜಾಗದಲ್ಲಿ ಸೇರಬಹುದು.

ಲೈಪೊಸಕ್ಷನ್‌ನಲ್ಲಿ ಏನು ಮಾಡುತ್ತಾರೆ?

ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ತೆಳುವಾದ ಕೊಳವೆಯನ್ನು ಒಳಗೆ ತೂರಿಸಿ, ಅಲ್ಲಿನ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಈ ವಿಧಾನ 1970ರ ದಶಕದಲ್ಲಿ ಇಟಲಿ ಮತ್ತು ಫ್ರಾನ್ಸ್‌ನಲ್ಲಿ ರೂಪುಗೊಂಡಿತು. 1980ರ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್, ಮರಗಟ್ಟಿಸುವ ಔಷಧ ಮತ್ತು ರಕ್ತನಾಳ ಕುಗ್ಗಿಸುವ ಔಷಧವನ್ನು ಸಾಕಷ್ಟು ದ್ರವದಲ್ಲಿ ಬೆರೆಸಿ ಕೊಬ್ಬಿನ ಪದರಕ್ಕೆ ತುಂಬುವ ವಿಧಾನ ತಂದರು. ಇದರಿಂದ ರಕ್ತಸ್ರಾವ ಬಹಳ ಕಡಿಮೆಯಾಯಿತು.

ಇಲ್ಲಿ ಒಂದು ವಿಷಯ ಮುಖ್ಯ. ಹೊಟ್ಟೆಯ ಕೊಬ್ಬಿನಲ್ಲಿ ಎರಡು ಬಗೆ. ಚರ್ಮದ ಕೆಳಗಿನದು ಕೈಯಲ್ಲಿ ಹಿಡಿದರೆ ಸಿಗುತ್ತದೆ. ಕರುಳು, ಯಕೃತ್ತುಗಳ ಸುತ್ತ ಇರುವ ಒಳಗೊಬ್ಬು ಕೈಗೆ ಸಿಗುವುದಿಲ್ಲ. ಲೈಪೊಸಕ್ಷನ್ ತೆಗೆಯುವುದು ಮೊದಲನೆಯದನ್ನು ಮಾತ್ರ. ಸಕ್ಕರೆ ಕಾಯಿಲೆ, ಹೃದ್ರೋಗಗಳ ಜೊತೆ ಹೆಚ್ಚು ನಂಟಿರುವುದು ಎರಡನೆಯದಕ್ಕೆ.

ಹೇಳಿಕೆ 1: ಒಂದೇ ದಿನದಲ್ಲಿ ಹತ್ತಾರು ಕೆ.ಜಿ. ತೂಕ ಇಳಿಯುತ್ತದೆ

ನಿಜಾಂಶ: ಇಲ್ಲ. ಒಂದು ಸಲಕ್ಕೆ ಒಟ್ಟು 5 ಲೀಟರ್‌ಗಿಂತ ಹೆಚ್ಚು ತೆಗೆದರೆ ಅದನ್ನು ವೈದ್ಯರು ದೊಡ್ಡ ಪ್ರಮಾಣದ, ಹೆಚ್ಚು ಅಪಾಯದ ಶಸ್ತ್ರಚಿಕಿತ್ಸೆ ಎಂದೇ ಪರಿಗಣಿಸುತ್ತಾರೆ. ಆ 5 ಲೀಟರ್‌ನಲ್ಲಿ ಕೊಬ್ಬಿನ ಜೊತೆ ತುಂಬಿಸಿದ ದ್ರವವೂ ಸೇರಿರುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನ ತೂಕ ನೋಡಿದರೆ ನೀರು ತುಂಬಿಕೊಂಡು ಊದಿರುವುದರಿಂದ ತೂಕ ಮೊದಲಿಗಿಂತ ಹೆಚ್ಚೇ ಕಾಣಬಹುದು. ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು 3ರಿಂದ 6 ತಿಂಗಳು ಬೇಕು.

ಹೇಳಿಕೆ 2: ತೆಗೆದ ಕೊಬ್ಬು ಮತ್ತೆ ಬರುವುದೇ ಇಲ್ಲ

ನಿಜಾಂಶ: ಅರ್ಧ ಸತ್ಯ. ತೆಗೆದ ಕೊಬ್ಬಿನ ಕೋಶಗಳು ಹೋದಂತೆಯೇ. ಆದರೆ ಉಳಿದ ಕೋಶಗಳು ಬಲೂನಿನಂತೆ ಉಬ್ಬಬಲ್ಲವು. ತಿಂದದ್ದು ಖರ್ಚಾಗದೆ ಉಳಿದರೆ ದೇಹ ಅದನ್ನು ಬೇರೆ ಎಲ್ಲಾದರೂ ಕೂಡಿಡುತ್ತದೆ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಬೊಜ್ಜಿಲ್ಲದ 32 ಮಹಿಳೆಯರಲ್ಲಿ 14 ಮಂದಿಗೆ ತೊಡೆ, ಸೊಂಟ ಮತ್ತು ಕೆಳಹೊಟ್ಟೆಯ ಭಾಗದಲ್ಲಿ ಲೈಪೊಸಕ್ಷನ್ ಮಾಡಲಾಯಿತು. ಉಳಿದವರಿಗೆ ಮಾಡಲಿಲ್ಲ. ಯಾರೂ ಜೀವನಶೈಲಿ ಬದಲಿಸಬಾರದು ಎಂಬುದು ಒಪ್ಪಂದ. ಆರು ವಾರಗಳ ಹೊತ್ತಿಗೆ ಕೊಬ್ಬು ಕಡಿಮೆಯಾಗಿತ್ತು. ಒಂದು ವರ್ಷದ ಹೊತ್ತಿಗೆ ದೇಹದ ಒಟ್ಟು ಕೊಬ್ಬಿನಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ತೊಡೆ ಸಣ್ಣಗೇ ಉಳಿಯಿತು, ಹೊಟ್ಟೆಯಲ್ಲಿ ಕೊಬ್ಬು ಮರಳಿ ಸೇರಿತು.

ಹೇಳಿಕೆ 3: ಕೊಬ್ಬು ತೆಗೆಸಿದರೆ ಶುಗರ್, ಬಿಪಿ ಕೂಡ ಹೋಗುತ್ತದೆ

ನಿಜಾಂಶ: ಹೀಗೆ ನಂಬಿ ಮಾತ್ರೆ ನಿಲ್ಲಿಸಿದರೆ ಅಪಾಯ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯಿಂದ ತಲಾ 9ರಿಂದ 10 ಕೆ.ಜಿ.ಯಷ್ಟು ಕೊಬ್ಬು ತೆಗೆಸಿ, ಸುಮಾರು ಮೂರು ತಿಂಗಳ ನಂತರ ಪರೀಕ್ಷಿಸಿದರು. ಅವರಲ್ಲಿ ಏಳು ಮಂದಿಗೆ ಟೈಪ್ 2 ಸಕ್ಕರೆ ಕಾಯಿಲೆ ಇತ್ತು. ಇನ್ಸುಲಿನ್ ಕೆಲಸ ಮಾಡುವ ರೀತಿ, ರಕ್ತದೊತ್ತಡ, ಕೊಲೆಸ್ಟ್ರಾಲ್ ಯಾವುದರಲ್ಲೂ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಇದು ಪ್ರಕಟವಾದದ್ದು 2004ರಲ್ಲಿ. ಅಷ್ಟೇ ತೂಕವನ್ನು ಊಟ ಮತ್ತು ವ್ಯಾಯಾಮದಿಂದ ಇಳಿಸಿದರೆ ಈ ಎಲ್ಲವೂ ಸಾಮಾನ್ಯವಾಗಿ ಸುಧಾರಿಸುತ್ತವೆ, ಏಕೆಂದರೆ ಆಗ ಒಳಗೊಬ್ಬು ಕೂಡ ಕರಗುತ್ತದೆ.

ವ್ಯಾಯಾಮ ಏಕೆ ಬಿಡಬಾರದು?

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಸಾಮಾನ್ಯ ತೂಕದ 36 ಮಹಿಳೆಯರಿಗೆ ಹೊಟ್ಟೆಯ ಲೈಪೊಸಕ್ಷನ್ ಆಯಿತು. ಎರಡು ತಿಂಗಳ ನಂತರ ಅರ್ಧದಷ್ಟು ಮಂದಿ ವಾರಕ್ಕೆ ಮೂರು ದಿನ ವ್ಯಾಯಾಮ ಶುರು ಮಾಡಿ ನಾಲ್ಕು ತಿಂಗಳು ಮುಂದುವರಿಸಿದರು. ವ್ಯಾಯಾಮ ಮಾಡದವರಲ್ಲಿ ಒಳಗೊಬ್ಬು ಸುಮಾರು ಶೇ. 10ರಷ್ಟು ಹೆಚ್ಚಿತು. ಮಾಡಿದವರಲ್ಲಿ ಹೆಚ್ಚಲಿಲ್ಲ. ಅಂದರೆ ಹೊರಗಿನ ಕೊಬ್ಬು ತೆಗೆಸಿ ಸುಮ್ಮನೆ ಕುಳಿತರೆ, ಕನ್ನಡಿಯಲ್ಲಿ ಚೆನ್ನಾಗಿ ಕಂಡರೂ ಒಳಗೆ ಸ್ಥಿತಿ ಮೊದಲಿಗಿಂತ ಕೆಡಬಹುದು.

ಯಾವಾಗ ಏನು ಮಾಡಬಹುದು?

ಇದು ಸಾಮಾನ್ಯ ಕ್ರಮ. ನಿಮ್ಮ ಶಸ್ತ್ರಚಿಕಿತ್ಸಕರು ಹೇಳಿದ್ದೇ ಅಂತಿಮ.

• ಅದೇ ದಿನ ಅಥವಾ ಮರುದಿನದಿಂದ: ಮನೆಯೊಳಗೆ ನಿಧಾನ ನಡಿಗೆ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. "ಒಂದು ವಾರ ಹಾಸಿಗೆ ಬಿಟ್ಟು ಏಳಬೇಡ" ಎನ್ನುವ ಹಿರಿಯರ ಕಾಳಜಿ ಇಲ್ಲಿ ತಿರುಗುಬಾಣ ಆಗಬಹುದು.
• ಕೆಲವು ದಿನಗಳಿಂದ ಒಂದೆರಡು ವಾರ: ಕುಳಿತು ಮಾಡುವ ಕೆಲಸ, ದಿನದಿನಕ್ಕೂ ಸ್ವಲ್ಪ ಹೆಚ್ಚಿಸುತ್ತಾ ನಡಿಗೆ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಎತ್ತುವುದು ಬೇಡ.
• 4ರಿಂದ 6 ವಾರಗಳ ನಂತರ: ವೈದ್ಯರು ಒಪ್ಪಿದರೆ ಓಟ, ಜಿಮ್, ಭಾರ ಎತ್ತುವುದು, ಹೊಟ್ಟೆಯ ವ್ಯಾಯಾಮ.

ಬಿಗಿ ಒತ್ತುಡುಪನ್ನು ಹೇಳಿದಷ್ಟು ವಾರ ಹಾಕಿಕೊಳ್ಳಿ. ಅದು ಊತ ಇಳಿಸಲು ನೆರವಾಗುತ್ತದೆ, ಕೊಬ್ಬು ಕರಗಿಸುವುದಿಲ್ಲ.

ಚೇತರಿಸಿಕೊಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಅಳತೆಯೇ ನಿಮ್ಮದೂ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಮೊದಲ ಲೆಕ್ಕ ಮುಗಿಯಿತು.

ಊಟ ಹೇಗಿರಬೇಕು?

ಮೊದಲ ವಾರಗಳು ಗಾಯ ಮಾಯುವ ಸಮಯ. ಉಪವಾಸ, ಬರೀ ಜ್ಯೂಸ್ ಕುಡಿಯುವ ಡಯಟ್ ಆಗ ಬೇಡವೇ ಬೇಡ.

ಪ್ರೋಟೀನ್: ಗಟ್ಟಿ ಬೇಳೆ, ಮೊಳಕೆ ಕಟ್ಟಿದ ಹೆಸರುಕಾಳು, ಹುರುಳಿ, ಮೊಸರು, ಮೊಟ್ಟೆ, ಮೀನು, ಕೋಳಿ. ತಿಳಿಸಾರು ಕುಡಿದರೆ ಬೇಳೆ ತಿಂದಂತಾಗುವುದಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ.

ಕಬ್ಬಿಣಾಂಶ: ಶಸ್ತ್ರಚಿಕಿತ್ಸೆಯಲ್ಲಿ ಸ್ವಲ್ಪ ರಕ್ತ ಹೋಗಿರುತ್ತದೆ. ಸೊಪ್ಪು, ಕಾಳು, ಮಾಂಸ ತಿನ್ನಿ. ಊಟಕ್ಕೆ ನಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಉಪ್ಪು: ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಕಡಿಮೆ ಮಾಡಿ. ಉಪ್ಪು ನೀರನ್ನು ಹಿಡಿದಿಟ್ಟು ಊತ ಉಳಿಸುತ್ತದೆ.

ನೀರು: ಬಾಯಾರಿಕೆಗೆ ತಕ್ಕಂತೆ, ಮೂತ್ರ ತಿಳಿ ಹಳದಿ ಇರುವಷ್ಟು. ಬಿಸಿನೀರು, ನಿಂಬೆ, ಜೇನು, ಜೀರಿಗೆ ಕಷಾಯ ಕುಡಿಯಬಹುದು, ಆದರೆ ಅವು ಕೊಬ್ಬನ್ನು ಕರಗಿಸುವುದಿಲ್ಲ.

ಮದ್ಯ ಮತ್ತು ಧೂಮಪಾನ: ಹೊಗೆ ಗಾಯಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಮದ್ಯ ನೋವಿನ ಮಾತ್ರೆಗಳ ಜೊತೆ ಅಪಾಯಕಾರಿ.

ತಿಂಗಳುಗಳ ನಂತರ ತಟ್ಟೆಯ ಲೆಕ್ಕ ಸುಲಭ: ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು, ಕಾಲು ಭಾಗ ಮುದ್ದೆ, ಅನ್ನ ಅಥವಾ ಚಪಾತಿ. ರಾಗಿ ಒಳ್ಳೆಯದೇ, ಆದರೆ "ಮುದ್ದೆ ಎಷ್ಟು ತಿಂದರೂ ದಪ್ಪ ಆಗಲ್ಲ" ಎಂಬುದು ತಪ್ಪು.

ಸಣ್ಣ ಲೆಕ್ಕ, ದೊಡ್ಡ ವ್ಯತ್ಯಾಸ

ದಿನಕ್ಕೆ ಮೂರು ಲೋಟ ಕಾಫಿ, ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ ಎಂದುಕೊಳ್ಳಿ. ಬರೀ ಸಕ್ಕರೆಯಿಂದಲೇ ಸುಮಾರು 100 ಕ್ಯಾಲೊರಿ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಕಾಗದದ ಲೆಕ್ಕದಲ್ಲಿ ಈ 100 ಕ್ಯಾಲೊರಿ ಹೆಚ್ಚುವರಿಯಾಗಿ ಉಳಿಯುತ್ತಾ ಹೋದರೆ ಎರಡೂವರೆ ತಿಂಗಳಿಗೆ ಒಂದು ಕೆ.ಜಿ. ದೇಹ ಹೊಂದಿಕೊಳ್ಳುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಇರಬಹುದು, ದಿಕ್ಕು ಮಾತ್ರ ಅದೇ.

ವಾರಕ್ಕೊಮ್ಮೆ, ಅದೇ ದಿನ, ಬೆಳಗ್ಗೆ ತೂಕ ನೋಡಿ. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟ ಅಳೆಯಿರಿ. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ಒಂದೆರಡು ಕೆ.ಜಿ. ಏರಿದಾಗಲೇ ಸರಿಪಡಿಸುವುದು ಸುಲಭ.

ಈ ಲಕ್ಷಣ ಕಂಡರೆ ಕಾಯಬೇಡಿ

ಉಸಿರಾಟ ಕಷ್ಟ, ಎದೆನೋವು, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಜ್ವರ, ಕೆಂಪಾಗಿ ಹರಡುವ ಅಥವಾ ಕೀವು ಸುರಿಯುವ ಗಾಯ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ತಲೆ ಸುತ್ತಿ ಗೊಂದಲ, ಮೂತ್ರ ಬಹಳ ಕಡಿಮೆಯಾಗುವುದು. ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಮೃತಪಟ್ಟ ಸುದ್ದಿ ಅನೇಕರಿಗೆ ನೆನಪಿರಬಹುದು. ಇಂಥ ಸಾವು ಅಪರೂಪ. ಆದರೂ ಇದು ಬ್ಯೂಟಿ ಪಾರ್ಲರ್ ಕೆಲಸದಂತೆ ಅಲ್ಲ, ನಿಜವಾದ ಶಸ್ತ್ರಚಿಕಿತ್ಸೆ. ಮಾಡಿಸುವ ಮುನ್ನ ಕೇಳಿ: ವೈದ್ಯರು ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜನ್ ಹೌದೇ? ಅರಿವಳಿಕೆ ತಜ್ಞರು ಇರುತ್ತಾರೆಯೇ? ತುರ್ತು ಆದರೆ ಐಸಿಯು ಎಲ್ಲಿದೆ? ಎಷ್ಟು ತೆಗೆಯುತ್ತೀರಿ? ಸರಿಯಾದ ವೈದ್ಯರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ಮನೆಯವರಿಗೆ ತಿಳಿಸದೆ ಹೋಗಬೇಡಿ.

ಫಾರ್ವರ್ಡ್ ಮಾಡುವ ಮುನ್ನ

"ಏನು ತಿಂದರೂ ಪರವಾಗಿಲ್ಲ" ಎನ್ನುವ ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸಿ. ಲೈಪೊಸಕ್ಷನ್ ಮಾಡಿಸಿಕೊಂಡವರು ನಿಮ್ಮ ಪರಿಚಯದಲ್ಲಿದ್ದರೆ ಅವರಿಗೆ ಅಪಾಯದ ಲಕ್ಷಣಗಳ ಪಟ್ಟಿಯನ್ನು ಕಳಿಸಿ, ಸಂಜೆ ಜೊತೆಗೆ ಅರ್ಧ ಗಂಟೆ ನಡೆಯಲು ಕರೆಯಿರಿ. ಅದು ಯಾವ ಫಾರ್ವರ್ಡ್‌ಗಿಂತಲೂ ಹೆಚ್ಚು ಉಪಯೋಗ.