ದೇವರನಾಮ ಕೊನೆಗೇ ಯಾಕೆ?

ಕಳೆದ ರಾಮನವಮಿಗೆ ಅಜ್ಜಿಯನ್ನು ಕಚೇರಿಗೆ ಕರ್ಕೊಂಡು ಹೋಗಿದ್ದೆ. ನಮ್ಮ ಆಫೀಸಿಗಲ್ಲ, ಸಂಗೀತದ ಕಚೇರಿಗೆ. ಅಜ್ಜಿಗೆ ಬೇಕಿದ್ದದ್ದು ಪುರಂದರದಾಸರ ಒಂದು ಪದ, ಅಷ್ಟೇ. ಆರೂವರೆಯಿಂದ ಮೂರು ಗಂಟೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. ತನಿ ಆವರ್ತನ ಮುಗಿದಾಗ ಒಂಬತ್ತೂವರೆ. ಸಂಘಟಕರು ಪಕ್ಕದಿಂದ ಗಡಿಯಾರ ತೋರಿಸಿದರು, ಗಾಯಕರು ಸೀದಾ ಮಂಗಳ ಹಾಡಿಬಿಟ್ಟರು.

"ದಾಸರ ಪದ ಹಾಡ್ಲೇ ಇಲ್ವಲ್ಲೋ?" ಆಟೋದಲ್ಲಿ ಅಜ್ಜಿ ಕೇಳಿದರು.

"ಅದು ಕೊನೇಲೇ ಬರೋದು ಅಜ್ಜಿ, ಸಂಪ್ರದಾಯ" ಅಂದೆ. ಆಮೇಲೆ ಓದುತ್ತಾ ಹೋದಾಗ ನಾಚಿಕೆಯಾಯಿತು. ಈ ಸಂಪ್ರದಾಯಕ್ಕೆ ಸುಮಾರು ನೂರು ವರ್ಷ ವಯಸ್ಸು, ಅಷ್ಟೇ.

ಮೊದಲು ವರ್ಣ, ಆಮೇಲೆ ಚುರುಕಾದ ಒಂದಷ್ಟು ಕೃತಿ, ಒಂದು ದೊಡ್ಡ ರಾಗ, ತನಿ, ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನ. ಈ ಕ್ರಮಕ್ಕೆ ರೂಪ ಕೊಟ್ಟವರು ಅಂತ ಹೆಸರಾದವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967). ಅದಕ್ಕೂ ಮುಂಚೆ ಅರಮನೆಯಲ್ಲಿ, ಜಮೀನ್ದಾರರ ಮನೆಯಲ್ಲಿ ರಾಗ-ತಾನ-ಪಲ್ಲವಿಯೇ ರಾಜ. ಒಂದೇ ರಾಗ ಗಂಟೆಗಟ್ಟಲೆ ನಡೆಯುತ್ತಿತ್ತು. ಕೇಳುವವರು ಹತ್ತಿಪ್ಪತ್ತು ಜನ ಬಲ್ಲವರು, ಮರುದಿನ ಬೆಳಿಗ್ಗೆ ಯಾರಿಗೂ ಹಾಜರಿ ಹಾಕುವ ಗಡಿಬಿಡಿ ಇಲ್ಲ.

ಆಮೇಲೆ ಮದರಾಸಿನಲ್ಲಿ ಟಿಕೆಟ್ಟಿನ ಸಭೆಗಳು ಬೆಳೆದವು. 1927ರ ಕಾಂಗ್ರೆಸ್ ಅಧಿವೇಶನದ ಜೊತೆಗೇ ಸಂಗೀತ ಸಮ್ಮೇಳನ ನಡೆದು, 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಶುರುವಾಯಿತು. ಈಗ ಎದುರಿಗೆ ಕೂತವರು ವಕೀಲರು, ಗುಮಾಸ್ತರು, ಕಾಲೇಜು ಹುಡುಗರು. ಸಂಗೀತ ಬೇಕು, ಆದರೆ ಪಲ್ಲವಿಯ ಲೆಕ್ಕಾಚಾರ ಅರ್ಥವಾಗಲ್ಲ, ರಾತ್ರಿ ಮನೆಗೂ ಹೋಗಬೇಕು. ಅಂದರೆ, ಹೆಚ್ಚುಕಮ್ಮಿ ನಾವೇ! ಅರಿಯಕುಡಿ ಅವರಿಗೆ ಮದುವೆ ಮನೆಯ ಎಲೆ ಬಡಿಸಿದ ಹಾಗೆ ಬಡಿಸಿದರು: ಎಲ್ಲವೂ ಇರಲಿ, ಯಾವುದೂ ಹೊಟ್ಟೆಗೆ ಭಾರ ಆಗದಿರಲಿ. ತನ್ನ ಕಾಲದ ಕೇಳುಗರನ್ನು ನೋಡಿ ಇಡೀ ಪದ್ಧತಿಯನ್ನೇ ಬದಲಾಯಿಸುವುದು ಸಣ್ಣ ಧೈರ್ಯ ಅಲ್ಲ.

ನನ್ನ ತಕರಾರು ಆಮೇಲಿನದ್ದರ ಬಗ್ಗೆ. ಬಡಿಸುವ ಕ್ರಮವಾಗಿದ್ದದ್ದು ನಿಧಾನಕ್ಕೆ ಅಂತಸ್ತಿನ ಕ್ರಮ ಆಗಿಹೋಯಿತು. ತನಿಗೆ ಮುಂಚೆ ಬಂದದ್ದು ಘನ, ಆಮೇಲೆ ಬಂದದ್ದು 'ತುಕ್ಕಡ'. ಸಂಗೀತ ಕಲಿಯುವ ಪ್ರತಿ ಮಗುವೂ ಮಾಯಾಮಾಳವಗೌಳದ ಸರಳೆವರಸೆಯಿಂದ ಶುರು ಮಾಡುವುದು ಪುರಂದರದಾಸರ ಹೆಸರು ಹೇಳಿಕೊಂಡು. ಅವರನ್ನು ಸಂಗೀತ ಪಿತಾಮಹ ಅಂತೇವೆ. ವೇದಿಕೆಯಲ್ಲಿ ಮಾತ್ರ ಪಿತಾಮಹರ ಪಾಲಿಗೆ ಉಳಿದದ್ದು ಕೊನೆಯ ಐದು ನಿಮಿಷ, ಅರ್ಧ ಜನ ಚಪ್ಪಲಿ ಹುಡುಕುವ ಹೊತ್ತು.

ದಾಸರ ಪದಗಳ ಮೂಲ ಮಟ್ಟು ಉಳಿದಿಲ್ಲ, ಹಾಗಾಗಿ ಕೃತಿಗಳ ತೂಕ ಅವಕ್ಕಿಲ್ಲ ಅಂತ ಬಲ್ಲವರು ಹೇಳ್ತಾರೆ. ಮಟ್ಟು ಹೊಸದಾದರೆ ತೂಕ ಕಮ್ಮಿಯಾಗಬೇಕಾ? ತಿರುಪ್ಪಾವೈಯ ಮೂವತ್ತು ಪಾಶುರಗಳಿಗೆ ರಾಗ ಹಾಕಿದವರು ಇದೇ ಅರಿಯಕುಡಿ. ನಮ್ಮ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು (1866–1931) ದೇವರನಾಮಕ್ಕೆ ಕಚೇರಿಯಲ್ಲಿ ಮರ್ಯಾದೆಯ ಜಾಗ ಕೊಟ್ಟು ಹಾಡಿದವರು. ದಾರಿ ಇರಲಿಲ್ಲ ಅಂತೇನಿಲ್ಲ.

ಈಚೆಗೆ ಟಿ.ಎಂ. ಕೃಷ್ಣ ಈ ಕ್ರಮವನ್ನು ಅಲ್ಲಾಡಿಸಿದರು. ವರ್ಣವನ್ನು ಕಚೇರಿಯ ನಡುವೆ ತಂದು ವಿಸ್ತಾರವಾಗಿ ಹಾಡಿದರು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಮುಖ ಸಿಂಡರಿಸಿದರು. ನಿಜ ಹೇಳಬೇಕಂದ್ರೆ ನನಗೂ ಎಲ್ಲ ಹಿಡಿಸಿಲ್ಲ. ವರ್ಣ ಇಲ್ಲದೆ ಶುರುವಾದ ಕಚೇರಿ ಕಾಫಿ ಇಲ್ಲದ ಬೆಳಿಗ್ಗೆ ಥರ ಅನ್ಸುತ್ತೆ. ಆದರೆ ವರ್ಣ ಮೊದಲಿಗೇ ಯಾಕೆ ಅಂತ ಒಮ್ಮೆಯಾದರೂ ಯೋಚಿಸಿದ್ದು ಆ ಕಸಿವಿಸಿಯಿಂದಲೇ.

ಮೊನ್ನೆ ಪರಿಚಯದ ಒಬ್ಬ ಸಂಘಟಕರನ್ನು ಕೇಳಿದೆ: ಒಂದು ದಿನ ದೇವರನಾಮವನ್ನೇ ಮುಖ್ಯ ಕೃತಿಯಾಗಿ ಇಡಬಾರದಾ? ಆಲಾಪನೆ, ನೆರವಲ್, ಸ್ವರ, ತನಿ, ಎಲ್ಲಾ ಅದಕ್ಕೇ.

ಅವರು ನಕ್ಕರು. "ಅದನ್ನ ಮೊದಲೇ ಹಾಡಿಸಿದ್ರೆ ಕೊನೇ ತನಕ ಯಾರು ಕೂತಿರ್ತಾರೆ ಸಾರ್?"

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ಮುಂದಿನ ಸಲ ಒಂಬತ್ತು ಗಂಟೆಗೆ ಹೋಗೋಣ ಬಿಡು" ಅಂದರು.