ಕಾರ್ಬ್ಯುರೇಟರ್ ಹೊಂದಿರುವ ಟರ್ಬೊ ಎಂಜಿನ್‌ಗಳಲ್ಲಿ ಎಥನಾಲ್ ಇಂಧನದ ಬಳಕೆ – ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಪೆಟ್ರೋಲಿನೊಂದಿಗೆ ಎಥನಾಲ್ ಮಿಶ್ರಣ ಮಾಡುವ ಕಾರ್ಯಕ್ರಮವನ್ನು ಭಾರತ ಸರ್ಕಾರವು 2003ರಲ್ಲಿ ಶೇಕಡ 5ರ ಪ್ರಮಾಣದಲ್ಲಿ ಆರಂಭಿಸಿತು. ಶೇಕಡ 10ರ ಗುರಿಯನ್ನು 2022ರಲ್ಲಿ ತಲುಪಲಾಯಿತು. ಶೇಕಡ 20ರಷ್ಟು ಎಥನಾಲ್ ಇರುವ ಇ-20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಬಿ.ಎಸ್.-6 ಮಾನಕಗಳು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ತರುವಾಯ ಹೊಸ ವಾಹನಗಳಲ್ಲಿ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಗಿದೆ. ಆದುದರಿಂದ ಈಗ ಬಳಕೆಯಲ್ಲಿರುವ ಕಾರ್ಬ್ಯುರೇಟರ್ ವಾಹನಗಳು ಸಾಮಾನ್ಯವಾಗಿ ಇ-20ಕ್ಕಿಂತ ಹಿಂದಿನ ಕಾಲದವು. ಇಂತಹ ವಾಹನಗಳಿಗೆ ಟರ್ಬೊಚಾರ್ಜರ್ ಅಳವಡಿಸಿ ಎಥನಾಲ್ ಬಳಸಲು ಇಚ್ಛಿಸುವ ಮಾಲೀಕರ ಅನುಕೂಲಕ್ಕಾಗಿ ತಾಂತ್ರಿಕ ಹಾಗೂ ಕಾನೂನಾತ್ಮಕ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಎಥನಾಲಿನ ಗುಣಲಕ್ಷಣಗಳು

ಪೆಟ್ರೋಲಿಗೆ ಹೋಲಿಸಿದಲ್ಲಿ ಎಥನಾಲಿನ ಆಕ್ಟೇನ್ ಸಂಖ್ಯೆ ಅಧಿಕವಾಗಿದ್ದು, ಆವಿಯಾಗುವಾಗ ಅದು ಎರಡು ಪಟ್ಟಿಗಿಂತ ಹೆಚ್ಚು ಶಾಖವನ್ನು ಹೀರಿಕೊಳ್ಳುತ್ತದೆ. ಟರ್ಬೊಚಾರ್ಜರ್ ಗಾಳಿಯನ್ನು ಒತ್ತುವಾಗ ಅದು ಬಿಸಿಯಾಗುವುದರಿಂದ, ಈ ತಂಪುಗೊಳಿಸುವ ಗುಣವು ಟರ್ಬೊ ಎಂಜಿನ್ನಿಗೆ ಅನುಕೂಲಕರವಾಗಿದೆ. ಈ ತತ್ವದ ಬಳಕೆ ಹೊಸದೇನಲ್ಲ. ಅಮೆರಿಕದಲ್ಲಿ 1962ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರ್ಬ್ಯುರೇಟರ್ ಟರ್ಬೊ ಕಾರಿನಲ್ಲಿ ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಎಂಜಿನ್ನಿಗೆ ಸಿಂಪಡಿಸಲಾಗುತ್ತಿತ್ತು.

ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ. ಒಂದು ಕಿಲೋ ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಎಥನಾಲಿಗೆ ಸುಮಾರು 9 ಕಿಲೋ ಸಾಕಾಗುತ್ತದೆ. ಅಂದರೆ ಅಷ್ಟೇ ಗಾಳಿಗೆ ಸುಮಾರು ಒಂದೂವರೆ ಪಟ್ಟು ಎಥನಾಲ್ ಒದಗಿಸಬೇಕಾಗುತ್ತದೆ.

3. ಕಾರ್ಬ್ಯುರೇಟರಿನ ಮಿತಿ

ಇಂಜೆಕ್ಷನ್ ವ್ಯವಸ್ಥೆಯುಳ್ಳ ವಾಹನದಲ್ಲಿ ಸಂವೇದಕವು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಇಂಧನದ ಪ್ರಮಾಣವನ್ನು ತಕ್ಕಮಟ್ಟಿಗೆ ಸರಿಪಡಿಸುತ್ತದೆ. ಕಾರ್ಬ್ಯುರೇಟರಿಗೆ ಈ ಸಾಮರ್ಥ್ಯವಿಲ್ಲ. ಅದರ ಜೆಟ್ಟಿನ ರಂಧ್ರವು ಯಾವ ಇಂಧನಕ್ಕೆ ಅಳತೆ ಮಾಡಲ್ಪಟ್ಟಿದೆಯೋ ಅದಕ್ಕಷ್ಟೇ ಸರಿಹೊಂದುತ್ತದೆ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿಗೆ ಇ-20 ಹಾಕಿದಾಗಲೇ ಮಿಶ್ರಣದಲ್ಲಿ ಸುಮಾರು ಶೇಕಡ 7ರಷ್ಟು ಇಂಧನದ ಕೊರತೆ ಉಂಟಾಗುತ್ತದೆ. ಪೂರ್ಣ ಎಥನಾಲ್ ಬಳಸಿದಲ್ಲಿ ಈ ಕೊರತೆಯು ಬಹಳ ಹೆಚ್ಚಾಗುತ್ತದೆ.

ಟರ್ಬೊ ಒತ್ತಡದಲ್ಲಿ ಇಂಧನ ಕೊರತೆಯ ಮಿಶ್ರಣ ಉರಿದರೆ ಪಿಸ್ಟನ್ ಹಾಗೂ ಕವಾಟಗಳು ವಿಪರೀತ ಬಿಸಿಯಾಗುತ್ತವೆ. ಎಥನಾಲ್ ನಾಕಿಂಗ್ ಬಡಿತವನ್ನು ತಡೆಯುತ್ತದೆಯಾದರೂ, ಕಾದ ಲೋಹದ ಸಂಪರ್ಕದಿಂದ ಕಿಡಿಗಿಂತ ಮೊದಲೇ ಹೊತ್ತಿಕೊಳ್ಳುವ ಸಂಭವ ಅದಕ್ಕೆ ಹೆಚ್ಚು. ಆದುದರಿಂದ ಚಾಲಕರಿಗೆ ಯಾವ ಶಬ್ದವೂ ಕೇಳಿಸದೆ ಪಿಸ್ಟನ್ ಕರಗಿಹೋಗುವ ಸಾಧ್ಯತೆಯಿದೆ. ಆಕ್ಟೇನ್ ಹೆಚ್ಚಿದೆಯೆಂಬ ಒಂದೇ ಕಾರಣಕ್ಕೆ ಎಥನಾಲನ್ನು ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ.

ಪೂರ್ಣ ಎಥನಾಲಿಗೆ ಜೆಟ್ಟಿನ ರಂಧ್ರದ ವಿಸ್ತೀರ್ಣವನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸಬೇಕಾಗುತ್ತದೆ. ಉದಾಹರಣೆಗೆ, 1.40 ಮಿ.ಮೀ. ವ್ಯಾಸದ ಜೆಟ್ಟಿಗೆ ಬದಲಾಗಿ ಸುಮಾರು 1.70 ಮಿ.ಮೀ. ಬೇಕಾಗುತ್ತದೆ. ಇದು ಆರಂಭಿಕ ಅಂದಾಜು ಮಾತ್ರ. ಅಂತಿಮ ಹೊಂದಾಣಿಕೆಯನ್ನು ಲ್ಯಾಂಬ್ಡಾ ಮಾಪಕದ ನೆರವಿನಿಂದ ಪರಿಣತರೇ ಮಾಡತಕ್ಕದ್ದು. ಪೆಟ್ರೋಲಿನ ಅನುಪಾತವನ್ನು ತೋರಿಸುವ ಮಾಪಕವು ಎಥನಾಲ್ ಬಳಸಿದಾಗಲೂ ಸಮತೋಲನ ಬಿಂದುವನ್ನು 14.7 ಎಂದೇ ತೋರಿಸುವುದರಿಂದ, ಲ್ಯಾಂಬ್ಡಾ ಅಂಕಿಯನ್ನೇ ಓದುವುದು ಸೂಕ್ತ.

4. ಟರ್ಬೊ ಅಳವಡಿಕೆಯ ಎರಡು ವಿಧಗಳು

(ಅ) ಕಾರ್ಬ್ಯುರೇಟರಿನ ಮೂಲಕ ಗಾಳಿಯನ್ನು ಎಳೆಯುವ ವಿಧ: ಇದರಲ್ಲಿ ಕಾರ್ಬ್ಯುರೇಟರ್ ಟರ್ಬೊಗಿಂತ ಮೊದಲು ಇರುತ್ತದೆ. ರಚನೆ ಸರಳವಾದರೂ, ಟರ್ಬೊವಿನಿಂದ ಎಂಜಿನ್‌ವರೆಗಿನ ಕೊಳವೆಯಲ್ಲಿ ಉರಿಯಬಲ್ಲ ಮಿಶ್ರಣ ತುಂಬಿರುತ್ತದೆ. ಎಥನಾಲಿನ ತಂಪಿನಿಂದ ಥ್ರಾಟಲ್ ಭಾಗದಲ್ಲಿ ಮಂಜುಗಡ್ಡೆ ಕಟ್ಟುವ ಸಂಭವವೂ ಉಂಟು.

(ಆ) ಕಾರ್ಬ್ಯುರೇಟರಿನ ಮೂಲಕ ಗಾಳಿಯನ್ನು ಊದುವ ವಿಧ: ಇದರಲ್ಲಿ ಟರ್ಬೊ ಮೊದಲು ಇರುತ್ತದೆ. 1980ರ ಲೋಟಸ್ ಎಸ್ಪ್ರಿ ಟರ್ಬೊ ಕಾರು ಈ ವಿಧಕ್ಕೆ ಸೇರಿದೆ. ಇಲ್ಲಿ ಇಂಧನದ ಒತ್ತಡವು ಟರ್ಬೊ ಒತ್ತಡಕ್ಕಿಂತ ಸದಾ ಮೇಲಿರಬೇಕು. ಟರ್ಬೊ ಒತ್ತಡ 0.5 ಬಾರ್ ಹಾಗೂ ಮೂಲ ಇಂಧನ ಒತ್ತಡ 0.25 ಬಾರ್ ಇದ್ದಲ್ಲಿ, ಪಂಪು ಕನಿಷ್ಠ 0.75 ಬಾರ್ ಒತ್ತಡದಲ್ಲಿ ಒಂದೂವರೆ ಪಟ್ಟು ಇಂಧನವನ್ನು ಪೂರೈಸಬೇಕಾಗುತ್ತದೆ. ಟೊಳ್ಳಾದ ಫ್ಲೋಟ್ ಒತ್ತಡಕ್ಕೆ ಕುಗ್ಗುವ ಅಪಾಯವಿರುವುದರಿಂದ ಅದನ್ನೂ ಬದಲಾಯಿಸುವುದು ಅಗತ್ಯ. ಕಾರ್ಬ್ಯುರೇಟರಿನ ಸೀಲುಗಳಿಂದ ಸೋರಿಕೆಯಾದಲ್ಲಿ ಬೆಂಕಿಯ ಅಪಾಯವಿರುತ್ತದೆ.

5. ಬಿಡಿಭಾಗಗಳು, ತೇವಾಂಶ ಮತ್ತು ಚಳಿ

ಎಥನಾಲ್ ಹಳೆಯ ರಬ್ಬರ್ ಕೊಳವೆ ಮತ್ತು ಬೆಂಡಿನ ಗ್ಯಾಸ್ಕೆಟ್‌ಗಳನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ಸತು ಹಾಗೂ ಅಲ್ಯೂಮಿನಿಯಂ ಮಿಶ್ರಲೋಹದ ಭಾಗಗಳು ಸವೆಯಬಹುದು. ಟ್ಯಾಂಕಿನಲ್ಲಿ ಅಂಟಿರುವ ಕಸವು ಬಿಡುಗಡೆಯಾಗಿ ಜೆಟ್ ಕಟ್ಟಿಕೊಂಡಲ್ಲಿ ಇಂಧನ ಕೊರತೆ ಮತ್ತೆ ಉಂಟಾಗುತ್ತದೆ. ಮಿಶ್ರಣ ಪೆಟ್ರೋಲಿಗೆ ನೀರು ಸೇರಿದಲ್ಲಿ ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುವುದರಿಂದ, ಮಳೆಗಾಲದಲ್ಲಿ ಬಹುಕಾಲ ನಿಲ್ಲಿಸಿದ ವಾಹನಗಳ ಬಗ್ಗೆ ವಿಶೇಷ ಗಮನ ವಹಿಸತಕ್ಕದ್ದು. ಚಳಿಯಲ್ಲಿ ಶುದ್ಧ ಎಥನಾಲ್ ಸಾಕಷ್ಟು ಆವಿಯಾಗದ ಕಾರಣ, ಬ್ರೆಜಿಲ್ ದೇಶದ ಎಥನಾಲ್ ಕಾರುಗಳಲ್ಲಿ ಚಾಲನೆಗೆಂದೇ ಪೆಟ್ರೋಲಿನ ಸಣ್ಣ ಟ್ಯಾಂಕನ್ನು ಒದಗಿಸಲಾಗಿತ್ತು. ಮಡಿಕೇರಿಯಂತಹ ಪ್ರದೇಶದ ಚಳಿಗಾಲದ ಬೆಳಗಿನಲ್ಲಿಯೂ ಈ ತೊಂದರೆ ಕಾಣಿಸಬಹುದು.

6. ಕಾನೂನು ನಿಬಂಧನೆಗಳು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದನ್ವಯ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಅವಕಾಶವಿರುವುದಿಲ್ಲ. ಬೇರೆ ಬಗೆಯ ಇಂಧನಕ್ಕೆ ಪರಿವರ್ತಿಸುವ ಕಿಟ್‌ಗಳನ್ನು ನಿಗದಿತ ಷರತ್ತುಗಳಿಗೆ ಒಳಪಟ್ಟು ಮಾತ್ರ ಅಳವಡಿಸಬಹುದಾಗಿದೆ. ನಿಯಮಬಾಹಿರ ಮಾರ್ಪಾಡಿಗೆ 182-ಎ ಪ್ರಕರಣದ (4)ನೇ ಉಪಪ್ರಕರಣದಡಿ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸ್ಪಿರಿಟ್ ಅನ್ನು ಖಾಸಗಿಯಾಗಿ ಖರೀದಿಸಿ ಸಂಗ್ರಹಿಸುವುದು ಕರ್ನಾಟಕ ಅಬಕಾರಿ ಅಧಿನಿಯಮ, 1965ರ ವ್ಯಾಪ್ತಿಗೆ ಒಳಪಡುತ್ತದೆ.

7. ಮಾಲೀಕರು ಅನುಸರಿಸಬೇಕಾದ ಕ್ರಮ

1) ಕೆಲಸ ಆರಂಭಿಸುವ ಮುನ್ನವೇ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸಿ, ಪೂರ್ವಾನುಮತಿ ಪಡೆಯತಕ್ಕದ್ದು.

2) ಕಿಟ್‌ಗೆ ಅಧಿಕೃತ ಪರೀಕ್ಷಾ ಸಂಸ್ಥೆಯ ಅನುಮೋದನೆ ಇದೆಯೇ ಎಂಬುದನ್ನು ಹಣ ಪಾವತಿಸುವ ಮೊದಲೇ ಖಚಿತಪಡಿಸಿಕೊಳ್ಳುವುದು. ಅಳವಡಿಸಿದ ನಂತರ ಅನುಮತಿ ದೊರೆಯದಿದ್ದಲ್ಲಿ ಖರ್ಚು ಮಾಲೀಕರದ್ದೇ ಆಗುತ್ತದೆ.

3) ಅನುಮೋದಿತ ಮಾರ್ಪಾಡಿನ ವಿವರವನ್ನು 14 ದಿನಗಳೊಳಗಾಗಿ ವರದಿ ಮಾಡಿ, ನೋಂದಣಿ ಪತ್ರದಲ್ಲಿ ದಾಖಲಿಸಿಕೊಳ್ಳುವುದು.

4) ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು. ಮುಚ್ಚಿಟ್ಟ ಮಾರ್ಪಾಡಿನಿಂದಾಗಿ ಪರಿಹಾರ ನಿರಾಕರಣೆಯಾಗಬಹುದು.

5) ಖಾಸಗಿ ವಾಹನಗಳ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸುವ ಸಂದರ್ಭದಲ್ಲಿ ವಾಹನದ ತಪಾಸಣೆ ನಡೆಯುವುದರಿಂದ, ದಾಖಲೆ ಹಾಗೂ ವಾಹನ ಪರಸ್ಪರ ತಾಳೆಯಾಗುವಂತೆ ನೋಡಿಕೊಳ್ಳುವುದು.

ಮಾರ್ಪಾಡು ಮಾಡದ ಹಳೆಯ ಕಾರ್ಬ್ಯುರೇಟರ್ ವಾಹನಕ್ಕೆ ಇ-20 ಬಳಸುವ ಮಾಲೀಕರಿಗೆ ಯಾವುದೇ ಅನುಮತಿಯ ಅಗತ್ಯವಿರುವುದಿಲ್ಲ. ಆದರೆ ಇಂಧನ ಕೊಳವೆ, ಫಿಲ್ಟರ್ ಹಾಗೂ ಜೆಟ್‌ಗಳನ್ನು ನುರಿತ ಮೆಕ್ಯಾನಿಕ್‌ರಿಂದ ಪರೀಕ್ಷಿಸಿಕೊಳ್ಳುವುದು ಹಿತಕರ.